ನಡಿಗೆಯ ಲೆಕ್ಕ

ಅಮ್ಮ ಮೊದಲ ಸಲ ಸಿಡ್ನಿಗೆ ಬಂದಾಗ ಅವಳಿಗೆ ಎಪ್ಪತ್ತೆರಡು. ಸಾಗರದ ಕಡೆಯ ಹಳ್ಳಿಯಲ್ಲಿ ತೋಟ, ಕೊಟ್ಟಿಗೆ, ಬಾವಿ ಎಂದು ದಿನವಿಡೀ ನಡೆದವಳಿಗೆ ಇಲ್ಲಿ ನಡೆಯಲು ಕಾರಣವೇ ಸಿಗದೆ ಬೇಸರವಾಯಿತು. ಹಾಗಾಗಿ ಆಫೀಸು ಮುಗಿಸಿ ಬಂದ ಮೇಲೆ ಅವಳನ್ನು ಪ್ಯಾರಮಟ್ಟಾ ನದಿಯ ದಂಡೆಗೆ ಕರೆದೊಯ್ಯುವುದು ನನ್ನ ರೂಢಿಯಾಯಿತು. ಒಂದು ಸಂಜೆ ಕಕ್ಷಿದಾರರೊಬ್ಬರ ಫೋನು ಬಂದು ನಾನು ಹಿಂದೆ ಉಳಿದೆ. ಆಗಲೇ ಅವಳ ನಡಿಗೆಯನ್ನು ಹಿಂದಿನಿಂದ ಸರಿಯಾಗಿ ನೋಡಿದ್ದು. ಬಲಗಾಲು ನೇರ ಮುಂದಕ್ಕೆ ಬಾರದೆ ಕುಡುಗೋಲು ಬೀಸಿದಂತೆ ಹೊರಗಿನಿಂದ ಸುತ್ತಿ ಬರುತ್ತಿತ್ತು. ಹೆಜ್ಜೆಹೆಜ್ಜೆಗೂ ಸೊಂಟದ ಬಲಭಾಗ ಮೇಲೇಳುತ್ತಿತ್ತು.

"ಮಂಡಿ ನೋವಾ ಅಮ್ಮ?" ಎಂದೆ.

"ಮಂಡಿ ಅಡ್ಡಿಲ್ಲ ಮಾರಾಯ. ಸೊಂಟದ್ದೇ ಕಷ್ಟ" ಎಂದಳು.

ಫಿಸಿಯೋಥೆರಪಿಸ್ಟ್ ಅವಳನ್ನು ನಾಲ್ಕು ಸಲ ಅತ್ತಿತ್ತ ನಡೆಸಿ ನೋಡಿ, ಸೊಂಟವನ್ನು ಮುಟ್ಟಲೇ ಇಲ್ಲ. ಬಲಮಂಡಿ ಮಡಿಚುವಷ್ಟು ಮಡಿಚುತ್ತಿಲ್ಲ, ಆ ಕೆಲಸವನ್ನು ಸೊಂಟ ಮಾಡುತ್ತಿದೆ, ಅದಕ್ಕೇ ನೋವು ಎಂದರು. ಕೊರತೆ ಒಂದು ಕಡೆ, ನೋವು ಇನ್ನೊಂದು ಕಡೆ. ಇದು ನನಗೆ ತಟ್ಟನೆ ಅರ್ಥವಾಯಿತು. ಒಂದು ಶಾಖೆಯ ನಷ್ಟವನ್ನು ಇನ್ನೊಂದು ಶಾಖೆಯ ಖರ್ಚಿನಲ್ಲಿ ಸೇರಿಸಿದ ಲೆಕ್ಕಗಳನ್ನು ಎಷ್ಟು ನೋಡಿಲ್ಲ! ನಾನು ವೈದ್ಯನಲ್ಲ, ಅಪ್ಪನ ಕೂಲಿ ಪುಸ್ತಕ ತುಂಬುತ್ತಾ ಲೆಕ್ಕ ಕಲಿತು, ಬಿ.ಕಾಂ., ಸಿ.ಎ. ಮಾಡಿ ಈ ದೇಶಕ್ಕೆ ಬಂದವನು. ಆದರೆ ಮನುಷ್ಯನ ನಡಿಗೆಗೂ ಯಾರೋ ಕೂತು ಲೆಕ್ಕ ಬರೆದಿದ್ದಾರೆಯೇ ಎಂಬ ಕುತೂಹಲ ಅಂದಿನಿಂದ ಹತ್ತಿತು. ಬರೆದಿದ್ದಾರೆ. ಅದಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ.

ಮೊದಲು ಲೆಕ್ಕ ಏನೆಂದು ಹೇಳಿಬಿಡುತ್ತೇನೆ. ಒಂದು ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ ಒಂದು ಸುತ್ತು. ಸಾಮಾನ್ಯ ವೇಗದಲ್ಲಿ ಇದಕ್ಕೆ ಸುಮಾರು ಒಂದು ಸೆಕೆಂಡು ಸಾಕು. ಆ ಹೊತ್ತಿನಲ್ಲಿ ನೂರಕ್ಕೆ 60 ಪಾಲು ಕಾಲು ನೆಲದ ಮೇಲಿರುತ್ತದೆ, 40 ಪಾಲು ಗಾಳಿಯಲ್ಲಿ. ಹಿಮ್ಮಡಿ ಊರುವಾಗ ತೊಡೆ ಸೊಂಟದ ಕೀಲಿನಲ್ಲಿ ಸುಮಾರು 30 ಡಿಗ್ರಿ ಮುಂದಕ್ಕೆ ಬಾಗಿರುತ್ತದೆ. ಕಾಲು ಹಿಂದುಳಿಯುತ್ತಾ ಹೋಗಿ ಕೊನೆಗೆ ಹತ್ತು ಡಿಗ್ರಿಯಷ್ಟು ಹಿಂದಕ್ಕೆ ಚಾಚುತ್ತದೆ. ಮಂಡಿ ಒಂದೇ ಸುತ್ತಿನಲ್ಲಿ ಎರಡು ಸಲ ಮಡಿಚುತ್ತದೆ. ಮೈಭಾರ ಬಿದ್ದ ಕೂಡಲೇ 15ರಿಂದ 20 ಡಿಗ್ರಿ ಮಡಿಚಿ ಪೆಟ್ಟನ್ನು ನುಂಗುತ್ತದೆ. ಮತ್ತೆ ನೇರವಾಗಿ, ಕಾಲು ನೆಲ ಬಿಟ್ಟ ಮೇಲೆ ಸುಮಾರು 60 ಡಿಗ್ರಿ ಮಡಿಚುತ್ತದೆ. ಪಾದದ ಕೀಲು ಮೊದಲು ಪಾದವನ್ನು ಮೆತ್ತಗೆ ನೆಲಕ್ಕಿಳಿಸಿ, ಮೊಳಕಾಲು ಅದರ ಮೇಲೆ ಮುಂದಕ್ಕೆ ಹಾಯಲು ಬಿಟ್ಟು, ಕೊನೆಗೆ ಇಪ್ಪತ್ತು ಡಿಗ್ರಿಯಷ್ಟು ಚಾಚಿ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ಆಗ ಬೆರಳುಗಳ ಬುಡವೂ ಮಡಿಚಬೇಕು.

ಇಷ್ಟೆಲ್ಲ ನಡೆದರೂ, ಕಾಲು ಮುಂದಕ್ಕೆ ಬರುವಾಗ ಹೆಬ್ಬೆರಳು ನೆಲದಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಮೇಲಿರುತ್ತದೆ. ಮಂಡಿ 60ರ ಬದಲು 30 ಡಿಗ್ರಿ ಮಡಿಚಿದರೆ ಆ ಅಂತರ ಉಳಿಯುವುದಿಲ್ಲ. ಹಾಗೆಂದು ಯಾರೂ ಹೆಜ್ಜೆಹೆಜ್ಜೆಗೂ ಎಡವಿ ಬೀಳುವುದಿಲ್ಲ. ಸೊಂಟ ಮೇಲೇಳುತ್ತದೆ, ಅಥವಾ ಕಾಲು ಹೊರಗಿನಿಂದ ಸುತ್ತಿ ಬರುತ್ತದೆ, ಅಥವಾ ಇನ್ನೊಂದು ಪಾದ ತುದಿಗಾಲಲ್ಲಿ ನಿಂತು ದಾರಿ ಬಿಡುತ್ತದೆ. ಒಂದು ಕೀಲಿನ ಸಾಲವನ್ನು ಉಳಿದ ಕೀಲುಗಳು ಹಂಚಿಕೊಂಡು ತೀರಿಸುತ್ತವೆ. ಅಮ್ಮನಿಗೆ ಆಗಿದ್ದೂ ಅದೇ.

ಈ ಲೆಕ್ಕವನ್ನು ಬರೆಯಲು ಹೊರಟ ಮೊದಲಿಗರಲ್ಲಿ ಜರ್ಮನಿಯ ವೆಬರ್ ಸೋದರರು ಮುಖ್ಯರು. ವಿಲ್ಹೆಲ್ಮ್ ಭೌತಶಾಸ್ತ್ರಜ್ಞ, ಎಡ್ವರ್ಡ್ ಅಂಗರಚನಾ ಶಾಸ್ತ್ರಜ್ಞ. 1836ರಲ್ಲಿ ಇಬ್ಬರೂ ಸೇರಿ ನಡಿಗೆಯ ಯಂತ್ರಶಾಸ್ತ್ರದ ಬಗ್ಗೆ ಪುಸ್ತಕ ಬರೆದರು. ಗಾಳಿಯಲ್ಲಿರುವ ಕಾಲು ಗಡಿಯಾರದ ಲೋಲಕದಂತೆ ತಾನೇ ತೂಗಿ ಮುಂದೆ ಬರುತ್ತದೆ, ಸ್ನಾಯುಗಳು ಅದಕ್ಕಾಗಿ ದುಡಿಯಬೇಕಿಲ್ಲ ಎಂಬುದು ಅವರ ವಾದ. ಕೇಳಲು ಚೆಂದ. ಆದರೆ ಅದು ಪೂರ್ತಿ ನಿಜವಲ್ಲವೆಂದು ತೋರಿಸಲು ಕ್ಯಾಮೆರಾ ಬರಬೇಕಾಯಿತು. 1880ರ ದಶಕದಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ನಡೆಯುವವರ ಚಿತ್ರ ತೆಗೆದ. ಪ್ಯಾರಿಸ್ಸಿನಲ್ಲಿ ಮಾರೆ ಕಪ್ಪು ಬಟ್ಟೆ ತೊಟ್ಟವರ ಕೈಕಾಲಿಗೆ ಬಿಳಿ ಪಟ್ಟಿ ಅಂಟಿಸಿ ಒಂದೇ ಗಾಜಿನ ಮೇಲೆ ಹೆಜ್ಜೆಗಳನ್ನು ಹಿಡಿದ. ಚಿತ್ರವನ್ನು ಅಂಕಿಯಾಗಿ ಬದಲಿಸಿದವರು ಲೈಪ್ಜಿಗ್‌ನ ಬ್ರೌನೆ ಮತ್ತು ಫಿಷರ್. 1891ರಲ್ಲಿ ಅವರು ಒಬ್ಬನ ಕೈಕಾಲಿಗೆ ಬೆಳಗುವ ಗಾಜಿನ ಕೊಳವೆಗಳನ್ನು ಕಟ್ಟಿ, ಕತ್ತಲೆಯಲ್ಲಿ ನಡೆಸಿ ಚಿತ್ರ ತೆಗೆದರು. ಕೊಳವೆ ಕಟ್ಟುವುದಕ್ಕೇ ಗಂಟೆಗಟ್ಟಲೆ ಹಿಡಿಯಿತು. ಆಮೇಲೆ ಬ್ರೌನೆ ತೀರಿಕೊಂಡರು. ಕೆಲವೇ ಹೆಜ್ಜೆಗಳ ಲೆಕ್ಕವನ್ನು ಫಿಷರ್ ಕೈಯಲ್ಲೇ ಮಾಡಿ 1895ರಿಂದ 1904ರವರೆಗೆ ಸಂಪುಟಗಳಾಗಿ ಪ್ರಕಟಿಸಿದರು. ಲೋಲಕದ ವಾದ ಅಲ್ಲಿ ಬಿದ್ದುಹೋಯಿತು. ಗಾಳಿಯಲ್ಲಿರುವ ಕಾಲಿಗೂ ಸ್ನಾಯುಗಳು ದುಡಿಯುತ್ತವೆ ಎಂದಾಯಿತು.

ಅಲ್ಲಿಯವರೆಗೆ ಇದು ವಿದ್ವಾಂಸರ ಕುತೂಹಲ. ಅದನ್ನು ಅಗತ್ಯವಾಗಿಸಿದ್ದು ಯುದ್ಧ. ಎರಡನೇ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರಿಗೆ ಕೊಟ್ಟ ಕೃತಕ ಕಾಲುಗಳು ಸರಿಹೋಗಲಿಲ್ಲ. ಸರಿಯಾದ ಕಾಲು ಮಾಡಬೇಕಾದರೆ ಇದ್ದ ಕಾಲು ಏನು ಮಾಡುತ್ತಿತ್ತು ಎಂದು ತಿಳಿದಿರಬೇಕಲ್ಲ? ಆ ಕೆಲಸವನ್ನು ಕೈಗೆತ್ತಿಕೊಂಡಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಮುಂದಾಳುಗಳು ಮೂಳೆವೈದ್ಯ ವರ್ನ್ ಇನ್ಮನ್ ಮತ್ತು ಸಿವಿಲ್ ಇಂಜಿನಿಯರ್ ಹೊವರ್ಡ್ ಎಬರ್‌ಹಾರ್ಟ್. ವಿಮಾನ ಇಳಿಯುವ ಹಾದಿಯ ಗಟ್ಟಿತನ ಪರೀಕ್ಷಿಸುವಾಗ ನಡೆದ ಅಪಘಾತದಲ್ಲಿ ಎಬರ್‌ಹಾರ್ಟ್ ತಾವೇ ಒಂದು ಕಾಲು ಕಳೆದುಕೊಂಡಿದ್ದರು. ಚರ್ಮದ ಮೇಲೆ ಅಂಟಿಸಿದ ಗುರುತು ಅಲುಗಾಡುತ್ತದೆಂದು, ಒಪ್ಪಿ ಬಂದವರ ಎಲುಬಿಗೇ ಉಕ್ಕಿನ ಪಿನ್ನು ಕೊರೆದು ಕೂರಿಸಿ ಅಳತೆ ಮಾಡಿದರು. ನಾವು ಯೋಚಿಸದೆ ಇಡುವ ಹೆಜ್ಜೆಯ ಜ್ಞಾನಕ್ಕೆ ಬೇರೆಯವರು ಇಂಥ ಬೆಲೆ ತೆತ್ತಿದ್ದಾರೆ.

ಸೌಂಡರ್ಸ್, ಇನ್ಮನ್, ಎಬರ್‌ಹಾರ್ಟ್ 1953ರಲ್ಲಿ ಬರೆದ ಲೇಖನ ದಶಕಗಳ ಕಾಲ ಪಠ್ಯವಾಗಿತ್ತು. ನಡೆಯುವಾಗ ಮೈಯ ಗುರುತ್ವ ಕೇಂದ್ರ ನಾಲ್ಕೈದು ಸೆಂಟಿಮೀಟರ್ ಮೇಲೆ-ಕೆಳಗೆ ಆಡುತ್ತದೆ. ಆ ಏರಿಳಿತವನ್ನು ತಗ್ಗಿಸಿ ಶಕ್ತಿ ಉಳಿಸಲೆಂದೇ ಸೊಂಟ, ಮಂಡಿ, ಪಾದಗಳು ಆರು ಬಗೆಯ ಚಲನೆಗಳನ್ನು ಮಾಡುತ್ತವೆ ಎಂಬುದು ಅದರ ಸಾರ. ಯಾವ ಕೀಲೂ ಒಂಟಿಯಾಗಿ ದುಡಿಯುವುದಿಲ್ಲ ಎಂಬ ಅದರ ನೋಟ ಇಂದಿಗೂ ನಿಂತಿದೆ. ಉಳಿತಾಯದ ಮಾತು ನಿಲ್ಲಲಿಲ್ಲ. 1990ರ ದಶಕದ ಕೊನೆಗೆ ಗಾರ್ಡ್ ಮತ್ತು ಚಿಲ್ಡ್ರೆಸ್ ಅಳೆದು ನೋಡಿದಾಗ, ಆ ಆರರಲ್ಲಿ ಕೆಲವು ಏರಿಳಿತವನ್ನು ತಗ್ಗಿಸುವುದೇ ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡಿತು. 2005ರಲ್ಲಿ ಒರ್ಟೆಗಾ ಮತ್ತು ಫಾರ್ಲಿ, ಬೇಕೆಂದೇ ಮೈ ಕುಲುಕದಂತೆ ನಡೆದರೆ ಶಕ್ತಿ ಹೆಚ್ಚು ಖರ್ಚಾಗುತ್ತದೆ ಎಂದು ತೋರಿಸಿದರು. ಐವತ್ತು ವರ್ಷ ಎಲ್ಲರೂ ಸಹಿ ಹಾಕುತ್ತಾ ಬಂದ ಲೆಕ್ಕದಲ್ಲಿ ತಪ್ಪು ಸಿಕ್ಕಿದ ಕಥೆ ಇದು. ನನ್ನ ವೃತ್ತಿಯವರು ಇದನ್ನು ಓದಿ ಸ್ವಲ್ಪ ತಗ್ಗಿ ನಡೆಯಬೇಕು.

ಚೆಂದದ ನಡಿಗೆಯೇ ಸರಿಯಾದ ನಡಿಗೆ ಎಂಬ ನಂಬಿಕೆಯನ್ನು ಆಸ್ಟ್ರೇಲಿಯಾದಲ್ಲಿ ಅಲ್ಲಾಡಿಸಿದವನು ಮಾತ್ರ ವಿಜ್ಞಾನಿಯಲ್ಲ, ಆಲೂಗಡ್ಡೆ ಬೆಳೆಯುವ ರೈತ. ನಾನು ಅಮ್ಮನನ್ನು ತರಕಾರಿಗೆ ಕರೆದೊಯ್ಯುತ್ತಿದ್ದ ಪ್ಯಾರಮಟ್ಟಾದ ವೆಸ್ಟ್‌ಫೀಲ್ಡ್ ಮಳಿಗೆಯಿಂದಲೇ 1983ರಲ್ಲಿ ಸಿಡ್ನಿ–ಮೆಲ್ಬರ್ನ್ ಓಟದ ಮೊದಲ ಸ್ಪರ್ಧೆ ಹೊರಟಿತು. ದೂರ 875 ಕಿಲೋಮೀಟರ್. ವಿಕ್ಟೋರಿಯಾದ ಬೀಚ್ ಫಾರೆಸ್ಟ್‌ನಿಂದ ಬಂದ ಕ್ಲಿಫ್ ಯಂಗ್‌ಗೆ ಆಗ 61 ವರ್ಷ. ಕಾಲೆತ್ತಿ ಓಡದೆ, ಪಾದವನ್ನು ನೆಲಕ್ಕೆ ಸವರುವಂತೆ ಎಳೆದಾಡಿಸುವ ಅವನ ಓಟ ನೋಡಿ ಜನ ನಕ್ಕರು. ಉಳಿದವರು ಮಲಗಿದಾಗ ಅವನು ಹೋಗುತ್ತಲೇ ಇದ್ದ. 5 ದಿನ 15 ಗಂಟೆ 4 ನಿಮಿಷದಲ್ಲಿ ಮೆಲ್ಬರ್ನ್ ಮುಟ್ಟಿ ಗೆದ್ದ. ಬಹುಮಾನದ 10,000 ಡಾಲರನ್ನು ಜೊತೆಗಾರರಿಗೆ ಹಂಚಿಬಿಟ್ಟ. ಆ ಎಳೆದಾಟಕ್ಕೆ ಈಗ 'ಯಂಗ್ ಷಫಲ್' ಎಂದೇ ಹೆಸರು. ಆಮೇಲೆ ದೂರದೋಟಗಾರರು ಅದನ್ನು ಅನುಕರಿಸಿದರು. ಅದು ಓಟ, ದಿನನಿತ್ಯದ ನಡಿಗೆಯಲ್ಲ, ನಿಜ. ಆದರೆ ಅರವತ್ತು ದಾಟಿದ ಕೀಲುಗಳು ತಮಗೆ ಎಟುಕುವ ದಾರಿಯನ್ನು ತಾವೇ ಹುಡುಕಿಕೊಂಡಿದ್ದವು. ಕಣ್ಣಿಗೆ ಚೆಂದ ಕಾಣುತ್ತದೆಯೇ ಎಂಬುದು ಅವಕ್ಕೆ ಸಂಬಂಧಿಸಿದ್ದಲ್ಲ.

ಕ್ಲಿಫ್ ಯಂಗ್ ಓಟ ಮುಗಿಸಿದ ಮೆಲ್ಬರ್ನ್ ನಗರಕ್ಕೆ ನಡಿಗೆಯ ಕಥೆಯಲ್ಲಿ ಇನ್ನೂ ದೊಡ್ಡ ಪಾಲಿದೆ. ಆಡಿಟ್ ಕೆಲಸಕ್ಕೆ ಅಲ್ಲಿಗೆ ಹೋದಾಗಲೆಲ್ಲ ಫ್ಲೆಮಿಂಗ್ಟನ್ ರಸ್ತೆಯ ಟ್ರ್ಯಾಮಿನಿಂದ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆ ಕಾಣಿಸುತ್ತದೆ. 1937–38ರಲ್ಲಿ ವಿಕ್ಟೋರಿಯಾದಲ್ಲಿ ಪೋಲಿಯೊ ಹರಡಿ ಎರಡು ಸಾವಿರದಷ್ಟು ಪ್ರಕರಣಗಳಾದವು. ಅದೇ ನಗರದ ವೈದ್ಯೆ ಜೀನ್ ಮ್ಯಾಕ್ನಮಾರಾ 1931ರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಜೊತೆ ಸೇರಿ ಪೋಲಿಯೊ ವೈರಾಣು ಒಂದೇ ಬಗೆಯದಲ್ಲ ಎಂದು ಕಂಡುಹಿಡಿದಿದ್ದವರು. ಸೋತ ಕೈಕಾಲುಗಳನ್ನು ಪಟ್ಟಿ ಕಟ್ಟಿ ಅಲುಗದಂತೆ ಇಡಬೇಕು, ಇಲ್ಲದಿದ್ದರೆ ಸೊಟ್ಟಗಾಗುತ್ತವೆ ಎಂಬುದು ಅವರ ಪಂಥ. ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿ ಕ್ವೀನ್ಸ್‌ಲ್ಯಾಂಡಿನಲ್ಲಿ ಚಿಕಿತ್ಸಾಲಯ ನಡೆಸಿದ ಸಿಸ್ಟರ್ ಎಲಿಜಬೆತ್ ಕೆನಿಯದು ಇದರ ವಿರುದ್ಧದ ಮಾತು: ಬಿಸಿಬಟ್ಟೆ ಸುತ್ತಿ, ಕೀಲುಗಳನ್ನು ಆಡಿಸಿ, ಸ್ನಾಯುಗಳಿಗೆ ಮತ್ತೆ ಪಾಠ ಹೇಳಿ. ಕೆನಿ ಕಾಲೇಜಿನಲ್ಲಿ ಓದಿದ ನರ್ಸ್ ಅಲ್ಲ. 1938ರಲ್ಲಿ ಕ್ವೀನ್ಸ್‌ಲ್ಯಾಂಡಿನ ವಿಚಾರಣಾ ಆಯೋಗ ಆಕೆಯ ವಿಧಾನವನ್ನು ತಳ್ಳಿಹಾಕಿತು. 1940ರಲ್ಲಿ ಆಕೆ ಅಮೆರಿಕಕ್ಕೆ ಹೋದರು, ಅಲ್ಲಿ ಮನ್ನಣೆ ಸಿಕ್ಕಿತು. ಆಡದ ಕೀಲು ಬಿಗಿಯುತ್ತದೆ ಎಂಬ ಆಕೆಯ ಮಾತನ್ನು ಇಂದು ಮಂಡಿ ಆಪರೇಷನ್ ಆದ ಮರುದಿನವೇ ನಡೆಸುವ ಪ್ರತಿ ವಾರ್ಡಿನಲ್ಲೂ ಕೇಳಬಹುದು.

1956ರಲ್ಲಿ ಲಸಿಕೆ ಬಂದ ಮೇಲೆ ಪೋಲಿಯೊ ಹಿಂದೆ ಸರಿಯಿತು. ಮಕ್ಕಳ ಮೂಳೆವೈದ್ಯರ ಮುಂದೆ ಉಳಿದ ದೊಡ್ಡ ಪ್ರಶ್ನೆ ಸೆರೆಬ್ರಲ್ ಪಾಲ್ಸಿ. ಇದರಲ್ಲಿ ಎಳೆಯ ಮಿದುಳಿಗಾದ ಹಾನಿಯಿಂದ ಸ್ನಾಯುಗಳು ಬಿಗಿದು ನಡಿಗೆ ಕೆಡುತ್ತದೆ. ಹಿಂದೆ ಒಂದು ವರ್ಷ ಹಿಮ್ಮಡಿಯ ಸ್ನಾಯುರಜ್ಜು ಸಡಿಲಿಸುವುದು, ಮರುವರ್ಷ ಮಂಡಿಯದು, ಆಮೇಲೆ ಸೊಂಟದ್ದು, ಹೀಗೆ ನಡೆಯುತ್ತಿತ್ತು. ಪ್ರತಿ ಹುಟ್ಟುಹಬ್ಬವೂ ಆಸ್ಪತ್ರೆಯಲ್ಲೇ ಆಗುವ ಈ ಪಾಡನ್ನು ಕೆನಡಾದ ಮೂಳೆವೈದ್ಯ ಮರ್ಸರ್ ರ‍್ಯಾಂಗ್ 'ಹುಟ್ಟುಹಬ್ಬದ ಕಾಯಿಲೆ' ಎಂದು ಕರೆದರು. ಒಂದು ಕೀಲನ್ನು ಮಾತ್ರ ಸರಿಪಡಿಸಿದರೆ ಸಾಲ ಇನ್ನೊಂದು ಕೀಲಿಗೆ ವರ್ಗವಾಗುತ್ತಿತ್ತು, ಅಷ್ಟೇ. ಎಲ್ಲ ಕೀಲುಗಳನ್ನೂ ಒಟ್ಟಿಗೆ ಅಳೆದು, ಬೇಕಾದುದನ್ನೆಲ್ಲ ಒಂದೇ ಸಲ ಮಾಡುವುದು ಪರಿಹಾರ. ಅದಕ್ಕೆ ಬೇಕಾದ ನಡಿಗೆ ಪ್ರಯೋಗಾಲಯವೊಂದು ಈ ಆಸ್ಪತ್ರೆಯಲ್ಲಿದೆ, ಹ್ಯೂ ವಿಲಿಯಮ್ಸನ್ ಅವರ ಹೆಸರಿನಲ್ಲಿ. ಮಗುವಿನ ಮೈಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ ನಡೆಸುತ್ತಾರೆ. ಸುತ್ತಲಿನ ಕ್ಯಾಮೆರಾಗಳು ಗುಂಡುಗಳನ್ನು ಹಿಡಿಯುತ್ತವೆ, ಫಿಷರ್ ವರ್ಷಗಟ್ಟಲೆ ಮಾಡಿದ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ.

ಗುಂಡುಗಳಿಂದ ಕೀಲಿನ ಕೋನ ಲೆಕ್ಕ ಹಾಕಲು ಬಹಳ ಕಡೆ ಬಳಕೆಗೆ ಬಂದ ಮಾದರಿಯ ಮೂಲಲೇಖನ 1990ರದು, ನ್ಯೂಯಾರ್ಕ್ ರಾಜ್ಯದ ಹೆಲೆನ್ ಹೇಯ್ಸ್ ಆಸ್ಪತ್ರೆಯದು. ಅದರ ಮೊದಲ ಲೇಖಕರ ಹೆಸರು ಎಂ.ಪಿ. ಕಡಬ. ಹೆಸರು ನೋಡಿ ಊರು ಊಹಿಸುವುದು ಆಡಿಟರಿಗೆ ತರವಲ್ಲ. ಆದರೂ ಗುಬ್ಬಿ ತಾಲ್ಲೂಕಿನಲ್ಲೂ ದಕ್ಷಿಣ ಕನ್ನಡದಲ್ಲೂ ಕಡಬ ಇರುವಾಗ, ಕನ್ನಡಿಗನ ಕಣ್ಣು ಆ ಹೆಸರಿನ ಮೇಲೆ ಒಂದು ಗಳಿಗೆ ನಿಂತರೆ ತಪ್ಪೇನು?

ಮೆಲ್ಬರ್ನಿನ ಕೆರ್ ಗ್ರಹಾಂ, ರಿಚರ್ಡ್ ಬೇಕರ್ ಮತ್ತು ಜೊತೆಗಾರರ ಎರಡು ಲೆಕ್ಕಗಳು ನನಗೆ ಬಹಳ ಹಿಡಿಸಿದವು. ಒಂದು, 2009ರ ನಡಿಗೆ ಅಂಕ. ಸೊಂಟದಿಂದ ಪಾದದವರೆಗಿನ ಒಂಬತ್ತು ಅಳತೆಗಳು ಸಾಮಾನ್ಯ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ, ಎಲ್ಲ ಸೇರಿಸಿ ಒಂದೇ ಅಂಕಿ. ನಮ್ಮ ಬ್ಯಾಲೆನ್ಸ್ ಶೀಟಿನ ಕೊನೆಯ ಸಾಲಿನಂತೆ. ಇದರಲ್ಲಿ ಯಾರಿಗೂ ಸೊನ್ನೆ ಬರುವುದಿಲ್ಲ. ಯಾವ ತೊಂದರೆಯೂ ಇಲ್ಲದ ಮಗುವೂ ಸರಾಸರಿಯಿಂದ ಐದಾರು ಡಿಗ್ರಿ ದೂರವೇ ಇರುತ್ತದೆ. ಇನ್ನೊಂದು, 2004ರ ಓಡಾಟದ ಮಾಪಕ. ಅದಕ್ಕೆ ಕ್ಯಾಮೆರಾ ಬೇಡ. ಮಗು 5 ಮೀಟರ್, 50 ಮೀಟರ್, 500 ಮೀಟರ್ ಹೇಗೆ ಹೋಗುತ್ತದೆ ಎಂದು ಕೇಳುತ್ತಾರೆ: ಮನೆಯೊಳಗೆ, ಶಾಲೆಯಲ್ಲಿ, ಊರಿನಲ್ಲಿ. ಗಾಲಿಕುರ್ಚಿಯಾದರೆ 1, ಯಾವ ನೆಲದಲ್ಲೂ ಆಸರೆಯಿಲ್ಲದೆ ನಡೆದರೆ 6. ತೆವಳುವ ಮಗುವಿಗೂ ಒಂದು ಅಕ್ಷರವಿದೆ, ಸಿ. ತೆವಳುವುದನ್ನೂ ಓಡಾಟವೆಂದು ಎಣಿಸುವ ಈ ಕ್ರಮ ಓದಿದಾಗ ನನಗೆ ನೆನಪಾಗಿದ್ದು ಮೆಲ್ಬರ್ನ್ ಅಲ್ಲ, ನಮ್ಮ ಸಾಗರ.

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1975ರ ಸುಮಾರಿಗೆ ವಿಚಿತ್ರ ಕೀಲುಬೇನೆ ಬೆಳಕಿಗೆ ಬಂತು. ಸೊಂಟದ ಕೀಲು ಮೊದಲು ಸವೆಯುತ್ತದೆ. ಕೆಲವರಲ್ಲಿ ಮಂಡಿ, ಬೆನ್ನುಮೂಳೆಯೂ. ನಡಿಗೆ ಬಾತುಕೋಳಿಯಂತೆ ತೂಗುತ್ತದೆ, ಬೆನ್ನು ಬಾಗುತ್ತದೆ, ಹೆಚ್ಚಾದರೆ ತೆವಳಬೇಕು. ಬಳಲಿದವರು ಹೆಚ್ಚಿನಂಶ ದಲಿತ ಕೂಲಿ ಕುಟುಂಬಗಳು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ ತಿಂದಿದ್ದೇ ಕಾರಣವೆಂದು ಮೊದಲು ಅನುಮಾನ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ಅಧ್ಯಯನ ಮಾಡಿ, 1977ರಲ್ಲಿ ಇದನ್ನು ಮಲೆನಾಡಿನ ವಂಶವಾಹಿ ಸಂಧಿವಾತವೆಂದು ಬರೆದರು. 1990ರ ದಶಕದ ಅಧ್ಯಯನಗಳು ಇದು ಎಲುಬಿನ ಬೆಳವಣಿಗೆಯ ಆನುವಂಶಿಕ ದೋಷ, ತಂದೆ-ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು ಎಂದವು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ರೋಗಿಗಳು ಸಿಕ್ಕರು. ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರು ಹಂದಿಗೋಡು ಕಾಯಿಲೆ.

ಒಂದು ಸಂಜೆ ನದಿಯ ದಂಡೆಯ ಬೆಂಚಿನಲ್ಲಿ ಕೂತು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಸುಮ್ಮನೆ ಕೇಳಿ, "ಹೌದಲ್ಲೋ, ಆ ನಮೂನೆ ಕಾಲಿನೋಳು ಒಬ್ಬಳು ನಮ್ಮ ಗದ್ದೆಗೂ ಬರ್ತಿದ್ದಳಲ್ಲ. ನೀನು ಸಣ್ಣೋನು" ಎಂದಳು. ಕೋಲೂರಿ, ಮೈ ತೂಗಿಕೊಂಡು ಎಲ್ಲರಿಗಿಂತ ಮೊದಲೇ ಹೊರಟು ಬರುತ್ತಿದ್ದಳಂತೆ. ಬಗ್ಗಿ ನಾಟಿ ಮಾಡಲಾಗದೆ ಅಂಚಿನಲ್ಲಿ ಕೂತು ಸಸಿ ಕಟ್ಟು ಮಾಡಿಕೊಡುತ್ತಿದ್ದಳಂತೆ. "ನಿನ್ನಪ್ಪ ಅರ್ಧ ಕೂಲಿ ಕೊಡ್ತಿದ್ದರು. ನಾನೂ ಎಂತ ಹೇಳಲಿಲ್ಲ."

ನನಗೆ ಆಕೆಯ ಮುಖ ನೆನಪಿಲ್ಲ. ಅರ್ಧ ನೆನಪಿದೆ. ಅಪ್ಪನ ಕೂಲಿ ಪುಸ್ತಕದಲ್ಲಿ ಆಳುಗಳ ಹೆಸರಿನ ಮುಂದೆ 1, 1, 1 ಎಂದು ಬರೆಯುತ್ತಿದ್ದವನು ನಾನು. ಒಂದು ಹೆಸರಿನ ಮುಂದೆ ½ ಬರೆಯಲು ಹೇಳಿದ್ದರು. ಹಾಗೆ ಭಿನ್ನರಾಶಿ ಕೂಡಿಸುವುದನ್ನು ಶಾಲೆಗಿಂತ ಮೊದಲೇ ಕಲಿತೆ. ಒಟ್ಟು ತಪ್ಪದೆ ಬಂದಾಗ ಅಪ್ಪ ಬೆನ್ನು ತಟ್ಟಿದ್ದೂ ನೆನಪಿದೆ. ಇವತ್ತು ನೋಡಿದರೆ ಕೂಡಿದ್ದು ಸರಿ, ನಮೂದು ತಪ್ಪು. ಸೊಂಟ ಕೈಕೊಟ್ಟ ಮೇಲೆ ಬೆನ್ನು, ಮಂಡಿ, ಕೈ, ಕೋಲು ಎಲ್ಲವನ್ನೂ ಸೇರಿಸಿ ಆಕೆ 500 ಮೀಟರಿಗಿಂತ ಎಷ್ಟೋ ದೂರ ದಾಟಿ ಬಂದಿದ್ದಳು. ಉಳಿದವರಿಗಿಂತ ಹೆಚ್ಚು ದುಡಿದೇ ಗದ್ದೆ ಮುಟ್ಟಿದ್ದಳು. ನಾವು ಗದ್ದೆಯೊಳಗಿನ ಕೆಲಸವನ್ನು ಮಾತ್ರ ಎಣಿಸಿದೆವು.

ಹಂದಿಗೋಡಿನ ಕೀಲುಗಳ ಎಕ್ಸ್-ರೇ ತೆಗೆದರು, ವಂಶಾವಳಿ ಬರೆದರು, ಕಾಯಿಲೆಗೆ ಊರಿನ ಹೆಸರನ್ನೂ ಇಟ್ಟರು. ಮೆಲ್ಬರ್ನಿನ ಮಗುವಿಗೆ ಕೇಳುವ ಪ್ರಶ್ನೆ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ: ನೀನು ಮನೆಯೊಳಗೆ ಹೇಗೆ ಓಡಾಡುತ್ತೀ? ಬಾವಿಗೆ ಹೇಗೆ ಹೋಗುತ್ತೀ? ಗದ್ದೆಗೆ? ಅದನ್ನು ಕೇಳಲು ಕ್ಯಾಮೆರಾ ಬೇಡ, ಪ್ರಯೋಗಾಲಯವೂ ಬೇಡ. ಕೂಲಿ ಪುಸ್ತಕ ಹಿಡಿದ ಹುಡುಗನೂ ಕೇಳಬಹುದಿತ್ತು.

ಅಮ್ಮ ಮೂರು ತಿಂಗಳು ಇದ್ದಳು. ಹೇಳಿಕೊಟ್ಟ ವ್ಯಾಯಾಮಗಳನ್ನು ಗೊಣಗುತ್ತಲೇ ಮಾಡಿದಳು. ಮಂಡಿ ತುಸು ಸಡಿಲವಾಯಿತು, ಸೊಂಟದ ನೋವು ಇಳಿಯಿತು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಲು ಮಾತ್ರ ಆಗಲಿಲ್ಲ. ಅದಕ್ಕೆ ಬೇಕಾದ ಮಡಿಚು ನಡಿಗೆಗೆ ಬೇಕಾದ 60 ಡಿಗ್ರಿಗಿಂತ ಬಹಳ ಹೆಚ್ಚು. ಹೊರಡುವ ಹಿಂದಿನ ಸಂಜೆ ನಾನು ಮತ್ತೆ ಹಿಂದೆ ಉಳಿದು ಅವಳ ನಡಿಗೆ ನೋಡುತ್ತಿದ್ದೆ. ಬಲಗಾಲು ಇನ್ನೂ ಸ್ವಲ್ಪ ಸುತ್ತಿಯೇ ಬರುತ್ತಿತ್ತು. ತಿರುಗಿ ನೋಡಿದಳು.

"ಎಂತ ನೋಡ್ತೀಯೋ, ಬೇಗ ಬಾ" ಎಂದಳು.

ನಾನು ಹೆಜ್ಜೆ ಹಾಕಿದೆ.